ಹರಳೆಣ್ಣೆಯ ತೀರ್ಮಾನಗಳು

ಜನ ಮುಖ್ಯವಾದ ವಿಷಯಗಳನ್ನು ಯೋಚಿಸಿ ತೀರ್ಮಾನಿಸುತ್ತಾರಂತೆ. ಇರಬಹುದು. ನನ್ನ ಸಂಸಾರದ ಸಮಸ್ತ ತೀರ್ಮಾನಗಳೂ ಆಗುತ್ತಿದ್ದುದು ಶನಿವಾರ ಮಧ್ಯಾಹ್ನ. ಬೆಳಗಿನ ಶಾಲೆ ಮುಗಿಸಿ ಬಂದು ನಾನು ಮಣೆಯ ಮೇಲೆ ಕೂರುವುದು, ನನ್ನ ಹೆಂಡತಿ ಸೀತಮ್ಮ ನೆತ್ತಿಗೆ ಹರಳೆಣ್ಣೆ ತಟ್ಟುವುದು. ಎರಡು ತಟ್ಟು ಬೀಳುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಅವಳ ಬೆರಳು ಕಿವಿಯ ಹಿಂದಕ್ಕೆ ಬಂದಾಗ ಬುದ್ಧಿಯೂ ಮುಚ್ಚುತ್ತಿತ್ತು. ಆಮೇಲೆ ಏನು ಕೇಳಿದರೂ ನನ್ನ ಬಾಯಿಂದ ಬರುತ್ತಿದ್ದುದು "ಹೂಂ" ಒಂದೇ. ಒದೆಯುವ ಹಸು ನಮ್ಮ ಕೊಟ್ಟಿಗೆಗೆ ಬಂದದ್ದು ಹೀಗೆ. ಅರಕಲಗೂಡಿನಿಂದ ಅವಳ ಚಿಕ್ಕಮ್ಮ ನಾಲ್ಕು ದಿನಕ್ಕೆಂದು ಬಂದು ಎರಡು ಮಳೆಗಾಲ ಕಳೆದದ್ದೂ ಹೀಗೆ. ಸೀಗೇಪುಡಿ ಹಾಕಿ ತಲೆ ತೊಳೆದುಕೊಂಡ ಮೇಲೆ "ನಾನ್ಯಾವಾಗ ಒಪ್ಪಿದೆ?" ಎಂದು ಹಾರಾಡಿ ಏನೂ ಪ್ರಯೋಜನವಿರಲಿಲ್ಲ.

ಇಂಥ ನನಗೆ ಒಂದು ಗುರುವಾರ ಸುದ್ದಿ ಬಂತು. ಚನ್ನರಾಯಪಟ್ಟಣದಲ್ಲಿ ಹೆಡ್‌ಮಾಸ್ಟರ್ ಜಾಗ ಖಾಲಿಯಾಗಿದೆ, ಬರುವುದೋ ಬಿಡುವುದೋ ಸೋಮವಾರ ಇನ್‌ಸ್ಪೆಕ್ಟರಿಗೆ ತಿಳಿಸಬೇಕು. ಹೊಳೆನರಸೀಪುರದ ಶಾಲೆಯಲ್ಲಿ ನಾನು ಬಹುಕಾಲದಿಂದ ಕೈಯಿಲ್ಲದ ಕುರ್ಚಿಯ ಮೇಲೆ ಕೂತವನು. ಕೈಯಿರುವ ಕುರ್ಚಿಯ ಆಸೆ ಎಷ್ಟಿತ್ತೆಂದು ಹೇಳಿಕೊಳ್ಳಲು ಈಗಲೂ ನಾಚಿಕೆ. ಆದರೆ ಸೀತಮ್ಮನ ತವರು ಹೊಳೆನರಸೀಪುರದಲ್ಲೇ, ನಮ್ಮ ಹಿಂದಿನ ಬೀದಿ. ಸುದ್ದಿ ಕೇಳಿ ಅವಳು "ಓಹೋ" ಎಂದವಳು ಒಳಗೆ ಹೋಗಿಬಿಟ್ಟಳು. ಆ "ಓಹೋ" ನನ್ನ ನಿದ್ದೆ ಕೆಡಿಸಿತು. ಶನಿವಾರ ಎಣ್ಣೆ ಹಚ್ಚುತ್ತಾ "ಇಲ್ಲೇ ಇರೋಣ ಅಲ್ವಾ?" ಅನ್ನುತ್ತಾಳೆ, ನಾನು "ಹೂಂ" ಅನ್ನುತ್ತೇನೆ, ಅಲ್ಲಿಗೆ ಕುರ್ಚಿ ಹೋಯಿತು. ಈ ಒಂದು ವಿಷಯವನ್ನಾದರೂ ಒಣತಲೆಯಲ್ಲಿ ತೀರ್ಮಾನಿಸಬೇಕೆಂದುಕೊಂಡು, ಶನಿವಾರ ಶಾಲೆ ಬಿಟ್ಟವನೇ ಮನೆಗೆ ಹೋಗದೆ ಹಾಸನದ ಬಸ್ಸು ಹತ್ತಿದೆ.

ಹಾಸನದಲ್ಲಿ ನನ್ನ ಪಾಡು ಕೇಳಬೇಡಿ. ಹೋಟೆಲಿನಲ್ಲಿ "ಕಾಫಿನಾ, ಟೀನಾ ಸಾ?" ಎಂದು ಕೇಳಿದರು. ಎಷ್ಟು ಯೋಚಿಸಿದರೂ ಗೊತ್ತಾಗದೆ ಎದ್ದು ಬಂದೆ. ಅಂಗಡಿಯಲ್ಲಿ ಕೆಂಪಂಚಿನ ಟವೆಲ್ಲು ಎತ್ತಿದೆ, ಹಸಿರಂಚಿನದು ಎತ್ತಿದೆ, ಎರಡನ್ನೂ ಇಟ್ಟೆ. ತಲೆ ನವೆಯಾಗುತ್ತಿತ್ತು. ಚನ್ನರಾಯಪಟ್ಟಣಕ್ಕೆ ಹೋಗುವುದು ಸರಿ ಎನ್ನಿಸಿದಾಗ ನಮ್ಮೂರ ಹೇಮಾವತಿ ಹೊಳೆ ನೆನಪಾಗುತ್ತಿತ್ತು. ಇರುವುದು ಸರಿ ಎನ್ನಿಸಿದಾಗ ಕುರ್ಚಿ. ಬಸ್‌ ಸ್ಟ್ಯಾಂಡಿನಲ್ಲಿ ಪರಿಚಯದ ಸಾಲಗಾಮೆಯ ರೈತರೊಬ್ಬರು ಸಿಕ್ಕಿದರು. ವಿಷಯ ಕೇಳಿ, "ಓಗ್ಬುಡಿ ಸಾ, ಎಡ್ಮಾಸ್ಟ್ರು ಅಂದ್ರೆ ಸುಮ್ಕೆನಾ? ಇದಕ್ಕೂ ಯೋಚ್ನೆ ಮಾಡ್ತಾರಾ?" ಎಂದರು. ಅವರು ಅಷ್ಟು ಖಂಡಿತವಾಗಿ ಹೇಳಿದ್ದರಿಂದಲೇ ನನಗೆ ಅನುಮಾನ ಹತ್ತಿತು. ಬಿಸಿಲಿಳಿಯುವವರೆಗೆ ಸ್ಟ್ಯಾಂಡಿನ ಉದ್ದಕ್ಕೂ ಶತಪಥ ತಿರುಗಿ, ಹೋದ ಹಾಗೇ ವಾಪಸು ಬಂದೆ.

"ಎಲ್ಲೋಗಿದ್ರಿ? ನೀರು ಆರಿ ಮತ್ತೆ ಕಾಸಿದೀನಿ. ಬನ್ನಿ, ಕೂತ್ಕೊಳ್ಳಿ" ಎಂದಳು ಸೀತಮ್ಮ. ಹಲ್ಲು ಕಚ್ಚಿಕೊಂಡು ಮಣೆಯ ಮೇಲೆ ಕೂತೆ. ಈಗ ಕೇಳುತ್ತಾಳೆ, ಇನ್ನೇನು ಕೇಳುತ್ತಾಳೆ ಎಂದು ಕಾದೆ. ಅವಳು ತುಟಿಪಿಟಕ್ಕೆನ್ನಲಿಲ್ಲ. ನೆತ್ತಿ ತಂಪಾಯಿತು. ಬೆರಳು ಕಿವಿಯ ಹಿಂದಕ್ಕೆ ಬಂತು. ಇಡೀ ದಿನದ ತಳಮಳ ಎಲ್ಲಿ ಇಳಿದು ಹೋಯಿತೋ! ಈ ಊರು, ಈ ಬಚ್ಚಲು, ಒದೆಯುವ ಆ ಹಸು, ಎಲ್ಲವೂ ಮುದ್ದಾಗಿ ಕಂಡು, ನಾನೇ ಬಾಯಿಬಿಟ್ಟೆ: "ಯಾಕೆ ಹೋಗ್ಬೇಕು ಸೀತೂ? ಇಲ್ಲೇ ಇದ್ದುಬಿಡೋಣ."

ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಬೆನ್ನ ಹಿಂದಿನಿಂದ ಮೆಲ್ಲಗೆ "ಹೂಂ" ಎಂದು ಕೇಳಿಸಿತು.

ಸೋಮವಾರ ಇನ್‌ಸ್ಪೆಕ್ಟರಿಗೆ ಒಲ್ಲೆನೆಂದು ಹೇಳಿ ಮನೆಗೆ ಬಂದರೆ, ಸೀತಮ್ಮ ನಡುಮನೆಯಲ್ಲಿ ಗೋಣಿಚೀಲ ಬಿಚ್ಚಿ ಪಾತ್ರೆಗಳನ್ನು ಹೊರಗಿಡುತ್ತಿದ್ದಳು.

"ಇದೇನೇ?"

"ಶುಕ್ರವಾರಾನೇ ಕಟ್ಟಿಟ್ಟಿದ್ದೆ. ಹೆಡ್‌ಮಾಸ್ಟ್ರ ಹೆಂಡ್ತಿ ಅನ್ನಿಸ್ಕೊಳ್ಳೋ ಆಸೆ ನನಗಿರಲ್ವಾ?"

"ಮತ್ತೆ ಹೂಂ ಅಂದೆಯಲ್ಲ!"

"ನೀವು ಅಷ್ಟು ಸುಖವಾಗಿ ತಲೆ ಕೊಟ್ಕೊಂಡು ಕೂತಿದ್ರಿ. ನೋಡಿ ನನಗೂ ಹಿತವಾಗಿತ್ತು. ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ ಕಣ್ರೀ."

ನನಗೆ ಅಳುವೂ ನಗುವೂ ಒಟ್ಟಿಗೆ ಬಂತು. ಅವಳು ಕಣ್ಣೊರೆಸಿಕೊಂಡು, "ಈ ಕೊಳಗಾನ ಅಟ್ಟಕ್ಕೆ ಹಾಕಿ, ಭಾರ ಇದೆ" ಎಂದಳು.

"ಹೂಂ" ಎಂದೆ. ಒಣತಲೆಯಲ್ಲಿ ನಾನು ಮಾಡಿದ ಮೊಟ್ಟಮೊದಲ ತೀರ್ಮಾನ ಅದು.