ನಮ್ಮ ಓಣಿಯ ಚರಂಡಿ ಮುಚ್ಚಿಸಿದ ಮಾಸ್ಟರ್ ಸಿಟ್ ಥಿನ್ ಮಿಂಗ್ ಅವರಿಗೆ

ಎಂಟು ದಿಕ್ಕುಗಳ ಒಡೆಯರೂ, ದಿಕ್ಸೂಚಿ ತಟ್ಟೆ ಹಿಡಿದು ಮನೆ ಮಳಿಗೆಗಳ ಅದೃಷ್ಟ ಅಳೆಯುವ ಧಣಿಗಳೂ, ಭಾನುವಾರದ ಪತ್ರಿಕೆಯ ‘ದಿಕ್ಕು ದೆಸೆ’ ಅಂಕಣದಿಂದ ಇಡೀ ಇಪೋ ಪಟ್ಟಣಕ್ಕೆ ಬುದ್ಧಿ ಹೇಳುತ್ತಿರುವವರೂ ಆದ ಮಾಸ್ಟರ್ ಸಿಟ್ ಥಿನ್ ಮಿಂಗ್ ಅವರ ಪಾದಗಳಿಗೆ, ಆ ಪಾದಗಳಾದರೂ ಒಣಗಿವೆಯೆಂದು ನಂಬಿ, ತವರಗಣಿ ಓಣಿಯಲ್ಲಿ ಹೆಸರುಕಾಳಿನ ಮೊಳಕೆ ಬೆಳೆದು ಮಾರುವ ಯಿಪ್ ಲಾಯ್ ಫೂನ್ ಎಂಬವಳ ದೀರ್ಘದಂಡ ನಮಸ್ಕಾರಗಳು.

ಮಾನ್ಯರೇ,

ತಮ್ಮ ಅಂಕಣವನ್ನು ನಾನು ಒಂದು ವಾರವೂ ತಪ್ಪಿಸಿದವಳಲ್ಲ, ಏಕೆಂದರೆ ಮೊಳಕೆ ಕಟ್ಟಿಕೊಡಲು ಆ ಹಾಳೆಯಷ್ಟು ಗಟ್ಟಿ ಹಾಳೆ ಬೇರೆ ಸಿಗುವುದಿಲ್ಲ. ಸಚಿವರೊಬ್ಬರು ಕುರ್ಚಿ ಕಳೆದುಕೊಂಡ ಮರುವಾರ, ಅವರು ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದರೆಂದು ತಾವು ಕಂಡುಹಿಡಿದಿರಿ. ಫುಟ್‌ಬಾಲ್ ತಂಡ ಸೋತ ಮರುವಾರ, ಮೈದಾನದ ಗೇಟು ಹುಲಿಯ ಕೆಟ್ಟ ದಿಕ್ಕಿಗಿದೆ ಎಂದಿರಿ. ಹೊಸ ಸೇತುವೆ ಬಿರುಕು ಬಿಟ್ಟ ಮರುವಾರ, ಅದು ಬೆಟ್ಟದ ಡ್ರ್ಯಾಗನ್ನಿನ ಬಾಲ ತುಳಿದಿದೆ ಎಂದಿರಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರನ್ನು ಬೇಕಾದಷ್ಟು ಕಂಡಿದ್ದೇನೆ, ಆದರೆ ಬಾಗಿಲು ಹಾಕಿ ಹಾರ ಹಾಕಿಸಿಕೊಂಡವರನ್ನು ಕಂಡಿದ್ದು ಇದೇ ಮೊದಲು.

ಇಂಥ ತಾವು ನಮ್ಮ ಓಣಿಗೆ ಬಂದದ್ದು ನಮ್ಮ ಪೂರ್ವಪುಣ್ಯ. ಓಣಿಯ ಮಳಿಗೆಗಳೆಲ್ಲ ನಮ್ಮ ಕುಲಸಂಘದವು. ಬಸ್ ನಿಲ್ದಾಣದ ಹತ್ತಿರ ಹೊಸ ಮಾಲ್ ಬಂದ ಮೇಲೆ ಇಲ್ಲಿ ಗಿರಾಕಿಗಳು ಕಡಿಮೆಯಾದರೆಂದು ಸಂಘದ ಅಧ್ಯಕ್ಷ ಫೂ ಕಾಮ್ ವಾ ತಮ್ಮನ್ನು ಕರೆಸಿದರು. ತಾವು ಮೂರು ಲೋಟ ಬಿಳಿ ಕಾಫಿ ಕುಡಿದು, ದಿಕ್ಸೂಚಿ ತಟ್ಟೆ ಹಿಡಿದು ಮೇಲಿನಿಂದ ಕೆಳಗೆ ನಡೆದು, ನೀರೆಂದರೆ ಸಂಪತ್ತು, ಅದು ಓಣಿಯ ಕೊನೆಯ ಚರಂಡಿ ಬಾಯಿಯಿಂದ ನದಿಗೆ ಸೋರಿಹೋಗುತ್ತಿದೆ, ಬಾಯಿ ಮುಚ್ಚಿಸಿ ಎಂದಿರಿ. ಆಮೇಲೆ ನನ್ನ ಬಾಗಿಲ ಮುಂದೆ ನಿಂತು, ಮೊಳಕೆಯ ತೊಟ್ಟಿಗಳಿಗೆ ನಾನು ನೀರು ಹನಿಸುವುದನ್ನು ನೋಡಿ, ಎಲ್ಲರಿಗೂ ಕೇಳುವಂತೆ, “ನೋಡ್ರಿ, ಈಯಮ್ಮ ದಿನಕ್ಕೆ ಆರು ಸಲ ನಿಮ್ಮೆಲ್ಲರ ಅದೃಷ್ಟಾನ ತೊಳೆದು ಹೊರಗೆ ಬಿಡ್ತಿದ್ದಾಳೆ” ಎಂದಿರಿ. ಮೂವತ್ತೆಂಟು ವರ್ಷ ನನ್ನ ಮೊಳಕೆ ತಿಂದ ಜನ ಅಂದಿನಿಂದ ನನ್ನ ಮುಖ ನೋಡುವುದನ್ನು ಬಿಟ್ಟರು. ಗಣಿ ತೋಡುತ್ತಿದ್ದ ನನ್ನ ಮಾವ ಮತ್ತು ಅವರ ಜೊತೆಯವರು ನೀರಿನ ಜಾಡು ನೋಡಿಕೊಂಡೇ ಆ ಚರಂಡಿ ತೋಡಿದ್ದು ಎಂದು ನಾನು ಹೇಳಿದೆ, ಯಾರೂ ಕೇಳಲಿಲ್ಲ.

ಇಟ್ಟಿಗೆ ಗೋಡೆ ಎದ್ದಿತು, ಕೆಂಪು ಬಣ್ಣ ಬಳಿದರು. ಹನ್ನೆರಡನೆಯ ದಿನ ಮಧ್ಯಾಹ್ನ ಮಳೆ ಬಂತು ನೋಡಿ, ಅಬ್ಬಬ್ಬಾ! ತಾವು ಹೇಳಿದ ಸಂಪತ್ತು ಒಂದು ಗಂಟೆಯೊಳಗೆ ಮೊಣಕಾಲ ಮಟ್ಟಕ್ಕೆ ಬಂತು. ನನ್ನ ಹದಿನಾರು ತೊಟ್ಟಿ ಮೊಳಕೆ ಕೊಚ್ಚೆಯಲ್ಲಿ ನೆನೆದು ನಾರಿತು. ಎದುರು ಮಳಿಗೆಯ ಚೋಯ್ ಹಾ ಅಜ್ಜಿ, ಸತ್ತವರಿಗೆ ಪರಲೋಕದಲ್ಲಿ ಸಿಗಲೆಂದು ಸುಡುವ ಕಾಗದದ ಮನೆ, ಕಾಗದದ ಕಾರು ಮಾರುವವಳು, ತನ್ನ ಸರಕೆಲ್ಲ ತೇಲಿಹೋಗುವುದನ್ನು ಮೇಜಿನ ಮೇಲೆ ಕಾಲು ಮಡಚಿ ಕೂತು ನೋಡಿದಳು. ಎಂಬತ್ತರ ಆ ಮುದುಕಿಯನ್ನು ನಾವು ನಾಲ್ಕು ಜನ ಬಾಗಿಲ ಹಲಗೆಯ ಮೇಲೆ ಹೊತ್ತು ಹೊರಗೆ ತಂದೆವು. ಆಗಲೂ ಆಕೆ, “ಮಾಸ್ಟರ್ ಹೇಳಿದ್ರಲ್ಲ, ಬರೋದೆಲ್ಲ ಒಳ್ಳೇದಕ್ಕೆ” ಎನ್ನುತ್ತಿದ್ದಳು.

ಭಾನುವಾರ ತಮ್ಮ ಅಂಕಣ ಬಂತು. ಈ ವರ್ಷದ ಕೆಟ್ಟ ನಕ್ಷತ್ರ ನಮ್ಮ ಓಣಿಯ ಮೇಲಿತ್ತಂತೆ, ಗೋಡೆ ಇಲ್ಲದಿದ್ದರೆ ಇನ್ನೂ ಕೆಡುಕಾಗುತ್ತಿತ್ತಂತೆ, ಎಲ್ಲಕ್ಕೂ ಮೂಲ ಹೆಂಗಸೊಬ್ಬಳು ಕತ್ತಲ ಕೋಣೆಯಲ್ಲಿಟ್ಟ ದುಂಡು ತೊಟ್ಟಿಗಳಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ಇನ್ನೂ ಬದುಕಿದ್ದಾನೆಂದು ತಿಳಿದು ಸಂತೋಷವಾಯಿತು. ಸಂಘದ ಸಭೆಯಲ್ಲಿ ಅಧ್ಯಕ್ಷರು ನೆಲ ನೋಡುತ್ತಾ, “ಮಾಸ್ಟರ್ ಹೇಳ್ದೆ ಒಂದ್ ಇಟ್ಟಿಗೇನೂ ತೆಗೆಯೋ ಹಾಗಿಲ್ಲ. ಗುರುವಾರ ಬರ್ತಾರೆ. ಲಾಯ್ ಫೂನಕ್ಕ ಮಳಿಗೆ ಖಾಲಿ ಮಾಡ್ಬೇಕು ಅಂತ ಅವ್ರು ಅಂದ್ರೆ ಮಾಡ್ಬೇಕಪ್ಪಾ, ನಾನೇನ್ ಮಾಡ್ಲಿ” ಎಂದರು. ನನಗೆ ಬೇರೆ ಕಸುಬು ಬರುವುದಿಲ್ಲ, ಬೇರೆ ಮನೆಯೂ ಇಲ್ಲ, ಆ ಮಳಿಗೆಯ ಅಟ್ಟದಲ್ಲೇ ನಾನು ಮಲಗುವುದು. ಅಂದು ಮನೆಗೆ ಬಂದು ಸಂಕಟ ತಡೆಯಲಾರದೆ ಅತ್ತುಬಿಟ್ಟೆ ಎಂದು ತಮಗೆ ತಿಳಿಸಲು ನಾಚಿಕೆಯೇನೂ ಇಲ್ಲ.

ಆದುದರಿಂದ ಮಾನ್ಯರಲ್ಲಿ ನನ್ನ ಕೆಲವು ಅರಿಕೆಗಳಿವೆ. ಮಳೆಯು ಇನ್ನು ಮುಂದೆ ಯಾವ ದಿಕ್ಕಿನಿಂದ ಬಂದು ಎಷ್ಟು ಅಂಗುಲಕ್ಕೆ ನಿಲ್ಲಬೇಕೆಂದು ತಾವು ಅದಕ್ಕೊಂದು ಅಪ್ಪಣೆ ಚೀಟಿ ಬರೆದುಕೊಡಬೇಕು. ನೀರಿಲ್ಲದೆ ಮೊಳೆಯುವುದು ಹೇಗೆಂದು ನನ್ನ ಹೆಸರುಕಾಳಿಗೆ ತಾವೇ ಖುದ್ದಾಗಿ ಪಾಠ ಹೇಳಬೇಕು. ಭಾನುವಾರದ ಅಂಕಣವನ್ನು ದಯಮಾಡಿ ಅದರ ಹಿಂದಿನ ಭಾನುವಾರವೇ, ಸೇತುವೆ ಬಿರುಕು ಬಿಡುವ ಮೊದಲೇ ಬರೆಯಬೇಕು. ಕುಣಿಯಲಾರದವಳು ನೆಲ ಡೊಂಕು ಅನ್ನುತ್ತಾಳೆ ಎಂದು ತಮ್ಮನ್ನು ಆಡಿಕೊಳ್ಳುವ ಜನರ ಬಾಯಿ ಅದರಿಂದ ಮುಚ್ಚುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಇಂದು ಬೆಳಿಗ್ಗೆ ನಾನು ಹಾರೆ ಹಿಡಿದು ಚರಂಡಿಯ ಹತ್ತಿರ ಹೋದೆ, ಬಂದದ್ದು ಬರಲಿ ಎಂದು. ಅಲ್ಲಿ ಚೋಯ್ ಹಾ ಅಜ್ಜಿ ಆಗಲೇ ಸಣ್ಣ ಮಣೆ ಹಾಕಿಕೊಂಡು ಕೂತು, ತನ್ನ ಮಳಿಗೆ ಬಾಗಿಲು ಎಳೆಯುವ ಕಬ್ಬಿಣದ ಕೊಕ್ಕೆಯಿಂದ ಗೋಡೆಯನ್ನು ಕುಟ್ಟುತ್ತಿದ್ದಳು. ನನ್ನನ್ನು ಕಂಡು, “ಮಾಸ್ಟರ್ ಮೇಲೆ ನಂಗೆ ಈಗ್ಲೂ ನಂಬಿಕೆ ಐತೆ ಕಣೇ, ದೊಡ್ಡ ಮನುಷ್ಯ ಅವ್ರು. ಆದ್ರೆ ನೀರಿಗೆ ಅವ್ರ ಪರಿಚಯ ಇಲ್ಲ. ನಿಂತ್ಕೊಂಡು ನೋಡ್ತೀಯಲ್ಲ, ಹೊಡಿ!” ಎಂದಳು. ನಾನು ಹೊಡೆದೆ. ಸದ್ದಿಗೆ ಒಬ್ಬೊಬ್ಬರೇ ಬಂದರು. ನನ್ನ ಮುಖ ನೋಡದವರೂ ಬುಟ್ಟಿ ತಂದು ಇಟ್ಟಿಗೆ ಹೊತ್ತರು. ಕೊನೆಗೆ ಅಧ್ಯಕ್ಷರು ಬಂದು, ಪ್ಯಾಂಟು ಮಡಚಿ ಕೊಚ್ಚೆಗಿಳಿದು, ನನ್ನ ಕಿವಿಯ ಹತ್ತಿರ, “ಅಕ್ಕಾ, ಮಳಿಗೆ ನಿಂದೇ, ಇಲ್ಲೇ ಇರು. ಗುರುವಾರ ಅವ್ರು ಬರೋದು ಬೇಡ ಅಂತ ನೀನೇ ಒಂದು ಕಾಗದ ಬರೆದುಬಿಡು, ಮರ್ಯಾದೆಯಾಗಿ. ನಂಗೆ ಧೈರ್ಯ ಸಾಲ್ದು” ಎಂದರು.

ಅದೇ ಈ ಕಾಗದ. ಮರ್ಯಾದೆ ಕಡಿಮೆಯಾಗಿದ್ದರೆ ಮನ್ನಿಸಬೇಕು.

ತಮ್ಮ ವಿಶ್ವಾಸಿ, ವಿಶ್ವಾಸ ಎಷ್ಟೆಂದು ಮೇಲೆ ಬರೆದಿರುವ,
ಯಿಪ್ ಲಾಯ್ ಫೂನ್

ತಾ.ಕ.: ಯಾವ ಮುಹೂರ್ತ ನೋಡಿ ಗೋಡೆ ಒಡೆದಿರಿ ಎಂದು ತಾವು ಖಂಡಿತ ಕೇಳುತ್ತೀರಿ. ಮೋಡ ಕವಿದಿತ್ತು, ಅದನ್ನೇ ನೋಡಿದೆವು. ಮೂರು ಗಂಟೆಗೆ ಮಳೆ ಸುರಿಯಿತು. ನಾಲ್ಕಕ್ಕೆ ಚೋಯ್ ಹಾ ಅಜ್ಜಿ ತನ್ನ ಮಳಿಗೆಯ ಒಣ ನೆಲದ ಮೇಲೆ ಕುರ್ಚಿ ಹಾಕಿಕೊಂಡು ಕಾಗದದ ಹೊಸ ಮನೆಯೊಂದನ್ನು ಅಂಟಿಸುತ್ತಿದ್ದಳು. ಬಾಗಿಲು ಯಾವ ದಿಕ್ಕಿಗೆ ಇಡಲಿ ಎಂದು ನನ್ನನ್ನು ಕೇಳಿದಳು. ಒಳಗಿರುವವರಿಗೆ ಹೊರಗೆ ಬರಲು ಆಗುವ ಕಡೆ ಇಡಜ್ಜೀ ಎಂದೆ.