ಸಹಿಗೆ ಮುಂಚೆ ಗಿಲಾವು

ಕೆಳಗಿನ ಉಗ್ರಾಣವನ್ನು ಹದಿನೈದೇ ದಿನದಲ್ಲಿ ಬಚ್ಚಲುಮನೆಯಾಗಿ ಮಾಡಿ ತೋರಿಸುತ್ತೇನೆ ಎಂದು ನಾನು ಎದೆ ತಟ್ಟಿ ಘೋಷಿಸಿದಾಗ, ನನ್ನ ಹೆಂಡತಿ ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸಲೂ ಇಲ್ಲ.

"ತಿಳಿದವರೊಬ್ಬರಿಗೆ ನೋಡಿಕೊಳ್ಳೋಕೆ ಹೇಳೋಣ ರೀ."

"ಯಾಕೆ, ನಾನಿಲ್ವಾ? ಇಡೀ ಆಫೀಸಿನ ಕಡತ ನೋಡಿಕೊಳ್ಳೋನಿಗೆ ಒಂದು ಬಚ್ಚಲು ನೋಡಿಕೊಳ್ಳೋಕೆ ಬರಲ್ವಾ?"

"ಕಡತದಲ್ಲಿ ನೀರು ಹರಿಯಲ್ಲ ರೀ."

ಅವಸರಕ್ಕೆ ಕಾರಣವಿತ್ತು. ನಮ್ಮತ್ತೆ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಮಂಡಿ ಆಪರೇಷನ್ ಮಾಡಿಸಿಕೊಂಡಿದ್ದರು. ಎರಡು ವಾರದ ನಂತರದ ಭಾನುವಾರ ಆಸ್ಪತ್ರೆಯಿಂದ ನೇರ ನಮ್ಮ ಮನೆಗೇ ಬರುವವರಿದ್ದರು. ನಮ್ಮಲ್ಲಿದ್ದ ಒಂದೇ ಒಂದು ಬಚ್ಚಲು ಮಹಡಿಯ ಮೇಲೆ, ಅತ್ತೆಗೋ ಮೆಟ್ಟಿಲು ಹತ್ತುವ ಹಾಗಿಲ್ಲ.

ನಗರಸಭೆಯವರು ಪರವಾನಗಿಯ ಜೊತೆ ಒಂದು ಹಳದಿ ಕಾರ್ಡು ಕೊಟ್ಟು ಬಾಗಿಲಿಗೆ ಅಂಟಿಸಿ ಎಂದಿದ್ದರು. ಪೈಪು, ವೈರು, ನೆಲ, ಕೊನೆಯ ತಪಾಸಣೆ ಎಂದು ನಾಲ್ಕು ಖಾನೆ. ಒಂದೊಂದು ಹಂತ ಮುಗಿದಾಗಲೂ ಇನ್ಸ್‌ಪೆಕ್ಟರ್ ಬಂದು ನೋಡಿ ಸಹಿ ಹಾಕಬೇಕು, ಆಮೇಲೆಯೇ ಮುಂದಿನ ಕೆಲಸ. ಇದೆಲ್ಲ ಕಾರ್ಡಿನ ಮೇಲೆ ಅಚ್ಚಾಗಿತ್ತಂತೆ. ನಾನು ಓದಿದ್ದು ಒಂದೇ ಸಾಲು, ನನ್ನ ಹೆಸರಿದ್ದದ್ದು.

ಪೈಪು ನೋಡಲು ಶುಕ್ರವಾರ ಹತ್ತು ಗಂಟೆಗೆ ಬರುತ್ತೇವೆಂದು ಫೋನು ಬಂತು. ಬುಧವಾರ ಬೆಳಿಗ್ಗೆ ಒಳಗೆ ಹೋಗಿ ನೋಡುತ್ತೇನೆ, ಪೈಪು ಕೂರಿಸಲು ಮೇಸ್ತ್ರಿ ಒಡೆದ ಗೋಡೆಯೆಲ್ಲ ಹೊಟ್ಟೆ ಬಗೆದ ಮೀನಿನ ಹಾಗೆ ಬಾಯ್ತೆರೆದು ಬಿದ್ದಿದೆ! ಈ ಅವಸ್ಥೆಯನ್ನು ಸರ್ಕಾರಿ ಅಧಿಕಾರಿಗೆ ತೋರಿಸುವುದೇ? ನಮ್ಮದು ಮರ್ಯಾದಸ್ಥರ ಮನೆ. ಯಾರಾದರೂ ಬರುತ್ತಾರೆಂದರೆ ಸೋಫಾದ ಮೇಲಿನದ್ದನ್ನೆಲ್ಲ ಬಾಚಿ ಬೀರುವಿಗೆ ತುರುಕಿ, ಅದರ ಬಾಗಿಲಿಗೆ ಬೆನ್ನು ಕೊಟ್ಟು ನಿಂತು "ಬನ್ನಿ ಬನ್ನಿ" ಎನ್ನುವ ವಂಶ ನಮ್ಮದು.

"ಮೇಸ್ತ್ರಿ, ಇದಕ್ಕೆ ಗಿಲಾವು ಮಾಡಿ ಮುಚ್ಚಿಬಿಡಿ. ನಾಳೆ ಬಣ್ಣ."

"ಸಹಿ ಆಗೋಕೆ ಮುಂಚೆ ಗಿಲಾವು ಮಾಡೋ ಪದ್ಧತಿ ಇಲ್ಲ ಸಾರ್. ಪ್ಲಂಬರ್ ಮೂಲೇದು ಒಂದು ಜಾಯಿಂಟ್ ಬೇರೆ ಉಳಿಸಿ ಹೋಗಿದಾನೆ, ಶುಕ್ರವಾರ ಬಂದು ಹಾಕ್ತೀನಿ ಅಂತ."

"ಅವನು ಬರೋವರೆಗೂ ಕಾಯ್ತಾ ಕೂರೋಕಾಗುತ್ತಾ? ಕೊಡಿ ಇಲ್ಲಿ ಆ ಸ್ಪ್ಯಾನರ್."

ಜಾಯಿಂಟು ನಾನೇ ಹಾಕಿದೆ. ಹಾಕಿ, ಸ್ಪ್ಯಾನರ್ ಹಿಡಿದು ಒಂದು ಫೋಟೋ ತೆಗೆಸಿಕೊಂಡೆ. ಮೇಸ್ತ್ರಿ ಫೋಟೋ ತೆಗೆದುಕೊಟ್ಟು ಸಿಮೆಂಟು ಕಲಸಲು ಹೋದ.

ಶುಕ್ರವಾರದ ಹೊತ್ತಿಗೆ ಗೋಡೆ ತಿಳಿನೀಲಿಯಾಗಿ ಫಳಫಳ ಹೊಳೆಯುತ್ತಿತ್ತು. ಕೆಳಗೊಂದು ಹೊಸ ಚಾಪೆ, ಕಿಟಕಿಯಲ್ಲಿ ಹೂದಾನಿ. ಹತ್ತಕ್ಕೆ ಸರಿಯಾಗಿ ಇನ್ಸ್‌ಪೆಕ್ಟರ್ ಬಂದರು. ಕೈಯಲ್ಲಿ ಟಾರ್ಚು ಹಿಡಿದ, ಮಾತು ಕಡಿಮೆಯ ಹೆಂಗಸು. ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಬಣ್ಣ ಚೆನ್ನಾಗಿದೆ."

ನಾನು ಪೂರಿಯಂತೆ ಉಬ್ಬಿದೆ.

"ಪೈಪು ಎಲ್ಲಿ?"

"ಒಳಗೇ ಇದೆ ಮೇಡಂ, ಅಚ್ಚುಕಟ್ಟಾಗಿ."

"ನಾನು ಬಂದಿರೋದು ಅದನ್ನ ನೋಡೋಕೆ."

ತಕ್ಷಣ ಫೋಟೋ ನೆನಪಾಗಿ ಫೋನು ತೆಗೆದು ಅವರ ಮುಂದೆ ಹಿಡಿದೆ. ಅವರು ಬಗ್ಗಿ ನೋಡಿದರು.

"ಇದರಲ್ಲಿ ನೀವು ಚೆನ್ನಾಗಿ ಕಾಣ್ತೀರಿ. ಪೈಪು ಕಾಣಲ್ಲ. ಗೋಡೆ ಒಡೆಸಿ."

"ಮೇಡಂ, ಬರೋ ವಾರ ಭಾನುವಾರ ನಮ್ಮತ್ತೆ ಬರ್ತಾರೆ, ಪಾಪ, ಮಂಡಿ ಆಪರೇಷನ್ ಆಗಿದೆ."

"ಹಾಗಾದ್ರೆ ಬೇಗ ಒಡೆಸಿ."

ಮೇಸ್ತ್ರಿಯ ಕೈಯಲ್ಲಿ ಸುತ್ತಿಗೆ ಆಗಲೇ ಸಿದ್ಧವಾಗಿತ್ತು. ಅರ್ಧ ಗಂಟೆಯಲ್ಲಿ ತಿಳಿನೀಲಿಯೆಲ್ಲ ಹೊಸ ಚಾಪೆಯ ಮೇಲೆ ಬಿತ್ತು. ನೀರು ಬಿಡಿಸಿದರು. ಬಿಟ್ಟದ್ದೇ ತಡ, ಮೂಲೆಯಿಂದ ಚಿರ್ರೆಂದು ಚಿಮ್ಮಿ ನೇರ ನನ್ನ ಕನ್ನಡಕಕ್ಕೆ ಬಡಿಯಿತು.

"ಯಾವ ಪ್ಲಂಬರ್ ಹಾಕಿದ್ದು ಈ ಜಾಯಿಂಟ್?"

ಮೇಸ್ತ್ರಿ ಸೂರು ನೋಡತೊಡಗಿದ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಶಾಂತವಾಗಿ ಹೇಳಿದಳು, "ಆಗಲೇ ಫೋಟೋದಲ್ಲಿ ನೋಡಿದ್ರಲ್ಲ ಮೇಡಂ, ಅವರೇ."

ಇನ್ಸ್‌ಪೆಕ್ಟರ್ ನಗಲಿಲ್ಲ. "ಮುಚ್ಚಿಟ್ಟಿದ್ರೆ ಇದು ಒಳಗೊಳಗೇ ಸೋರ್ತಾ ಇರೋದು. ತಿಂಗಳಲ್ಲಿ ನೆಲಕ್ಕೆ ಇಳಿಯೋದು. ಮಂಡಿ ಆಪರೇಷನ್ ಆದವರು ಅಂದ್ರಲ್ಲ, ಅವರು ಕಾಲಿಡೋ ನೆಲಕ್ಕೆ."

ಒದ್ದೆ ನೆಲದಲ್ಲಿ ಬಿದ್ದು ಬಂದವರಿಗೆ ನಾನು ಇನ್ನೊಂದು ಒದ್ದೆ ನೆಲವನ್ನು ಬಣ್ಣ ಹಚ್ಚಿ ಸಿದ್ಧ ಮಾಡಿದ್ದೆ. ನಿಜವಾಗಿಯೂ ನಾಚಿಕೆಯಾಯಿತು. ಹೆಂಡತಿ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು "ಮೇಲೆ ಥಳಕು, ಒಳಗೆ ಹುಳುಕು" ಎಂದಷ್ಟೇ ಹೇಳಿ ಪೊರಕೆ ತರಲು ಹೋದಳು.

ಪ್ಲಂಬರ್ ಬಂದು ಜಾಯಿಂಟು ಸರಿಮಾಡಿದ. ಆದರೆ ಮತ್ತೆ ತಪಾಸಣೆ, ಮತ್ತೆ ಗಿಲಾವು, ಅದು ಒಣಗಬೇಕು, ಉಳಿದ ಮೂರು ಖಾನೆ ಬೇರೆ. ಬಚ್ಚಲು ಇನ್ನೂ ಹತ್ತು ದಿನ ಹಿಂದೆ ಬಿತ್ತು. ಭಾನುವಾರ ಬಂದ ಅತ್ತೆಯನ್ನು ಆಸ್ಪತ್ರೆಯವರಿಬ್ಬರು ಕುರ್ಚಿ ಸಮೇತ ಎತ್ತಿ ಮಹಡಿಯ ನಮ್ಮ ಕೋಣೆಗೆ ಸೇರಿಸಿದರು. ಅವರ ತಿಂಡಿ, ಊಟ, ಮಾತ್ರೆ, ಬಿಸಿನೀರು ಎಲ್ಲ ಮೇಲೆ ಹೊರುವ ಕೆಲಸ ನನ್ನ ಪಾಲಿಗೆ ಬಂತು. ಮಾಡಿದ್ದುಣ್ಣೋ ಮಹಾರಾಯ! ಮೂರನೇ ದಿನಕ್ಕೆ ಅತ್ತೆಯ ಮಂಡಿಗಿಂತ ನನ್ನ ಮಂಡಿ ಹೆಚ್ಚು ನೋಯುತ್ತಿತ್ತು.

ಅಷ್ಟೇ ಅಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಿಗೂ ಒಂದು ಹಳದಿ ಕಾರ್ಡು ಅಂಟಿಸಿದ್ದಳು, ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು. ನಾನು ಮಾಡುವ ಒಂದೊಂದು ಕೆಲಸಕ್ಕೂ ಒಂದೊಂದು ಖಾನೆ, ಸಹಿ ಅವಳದ್ದು. ಈ ಸಲ ಎಲ್ಲ ಸಾಲನ್ನೂ ಓದಿದೆ.

ನಿನ್ನೆ ಗಂಜಿ ನಾನೇ ಕಾಯಿಸಿದೆ. ಬಟ್ಟಲಿಗೆ ತಟ್ಟೆ ಮುಚ್ಚಿ, ಟ್ರೇಯಲ್ಲಿಟ್ಟು, ಹದಿನೆಂಟೂ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿ ಅತ್ತೆಯ ಮುಂದೆ ನಿಂತೆ.

"ಗಂಜಿ ಎಲ್ಲಿ ಅಳಿಯಂದ್ರೇ?"

"ಒಳಗೇ ಇದೆ ಅತ್ತೆ, ಅಚ್ಚುಕಟ್ಟಾಗಿ."

ಅತ್ತೆ ತಟ್ಟೆ ಎತ್ತಿದರು. ಬಟ್ಟಲು ತೊಳೆದಿಟ್ಟ ಹಾಗೆ ಖಾಲಿ. ಗಂಜಿ ಕೆಳಗೆ ಒಲೆಯ ಮೇಲೆಯೇ ಇತ್ತು.

ಅತ್ತೆ ಮೆಟ್ಟಿಲ ಕಡೆ ತಿರುಗಿ ಮಗಳನ್ನು ಕೂಗಿದರು, "ಲೇ, ಇವರ ಕಾರ್ಡಿಗೆ ಈಗಲೇ ಸಹಿ ಹಾಕಬೇಡ ಕಣೇ. ಕೆಳಗೆ ಹೋಗಿ ಇನ್ನೊಂದು ಸಲ ತರ್ತಾರೆ, ನೋಡಿ ಹೇಳ್ತೀನಿ."