ನಾನು ಬರೆದ ಕಮಾನು, ನಂಜಮ್ಮ ಇಟ್ಟ ಹೊರೆ

ಕೈಗೆ ಸ್ಕೇಲು ಸಿಕ್ಕವನಿಗೆ ತಾನು ಎಳೆದ ಗೆರೆಯ ಮೇಲೆ ವಿಪರೀತ ಮೋಹ. ನಾನು ಮಂಡಿಕಲ್ಲಿನ ಡ್ರಾಯಿಂಗ್ ಮೇಷ್ಟ್ರು; ತಿಂದ ತಿಂಡಿಯನ್ನೂ ತಾರೀಖು ಹಾಕಿ ದಿನಚರಿಯಲ್ಲಿ ಬರೆದಿಡುವ ಆಸಾಮಿ. ಗುಂಡಿಗೆ ಬಲಿಯಾದ ರಾಷ್ಟ್ರಪಿತರಿಗೆ ನಮ್ಮೂರ ದಾರಿಯಲ್ಲೊಂದು ಸ್ಮಾರಕವಾಗಬೇಕೆಂದು ಪಟೇಲರು ಹೇಳಿದಾಗ, ಒಂದು ವಾರ ನಿದ್ದೆಗೆಟ್ಟು ಎತ್ತರದ ಕಲ್ಲಿನ ಕಮಾನು ಬರೆದುಕೊಟ್ಟೆ. ದಿಲ್ಲಿಯವರು ನೋಡಿದರೂ ತಲೆದೂಗಬೇಕು, ಹಾಗೆ.

ಕಮಾನಿನ ಕಲ್ಲುಗಳನ್ನು ಗಾಡಿಯಿಂದ ಇಳಿಸುವಾಗ ಕಂಬಗಳೆರಡೂ ಮುರಿದವು. "ಇದ್ದಷ್ಟರಲ್ಲೇ ನಿಲ್ಸಿ ಮೇಷ್ಟ್ರೇ, ಅಮಲ್ದಾರ್ರು ಬರೋ ದಿನ ಬಂತು" ಎಂದರು ಪಟೇಲರು. ಎರಡು ಮೋಟು ಕಂಬ, ಮೇಲೊಂದು ಅಡ್ಡ ಚಪ್ಪಡಿ. ಎತ್ತರ ನನ್ನ ಎದೆಯವರೆಗೆ. ಆದರೂ ನನ್ನ ಕಣ್ಣಿಗೆ ಅದು ಕಮಾನೇ.

ಅನಾವರಣದ ಬೆಳಿಗ್ಗೆ, ತೋರಣ ಕಟ್ಟುತ್ತಿದ್ದಾಗ, ಹುಲ್ಲಿನ ಹೊರೆ ಹೊತ್ತು ಬಂದ ನಂಜಮ್ಮ ನೇರವಾಗಿ ಸ್ಮಾರಕದ ಮೇಲೆ ಹೊರೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಏಯ್, ಕಣ್ ಕಾಣಲ್ವೇನೇ? ತಾತನ ಸ್ಮಾರಕ ಕಣೇ ಅದು!" ಪಟೇಲರು ಕೂಗಿದರು.

"ಹೊರೆಗಲ್ಲು ನಿಲ್ಸಿ ಹೊರೆ ಇಡಬ್ಯಾಡ ಅಂದ್ರೆ ಹೆಂಗಪ್ಪಾ? ನಮ್ಮತ್ತೆ ಸತ್ತಾಗ್ಲೂ ಅವಳ ಹೆಸರಲ್ಲಿ ಇಂಥದ್ದೇ ನಿಲ್ಸಿದ್ವಿ. ದಣಿದೋರು ಹೊರೆ ಇಳಿಸಿದ್ರೆ ಸತ್ತೋರಿಗೆ ಪುಣ್ಯ ಅಲ್ವಾ?"

ಪಟೇಲರು ನನ್ನ ಕಡೆ ತಿರುಗಿದರು. "ಊರ ಮಾನ ತೆಗೆದ್ರಲ್ಲ ಮೇಷ್ಟ್ರೇ! ನಾಳೇನೇ ಕೀಳಿಸ್ತೀನಿ."

ಅಷ್ಟರಲ್ಲಿ ಜೀಪು ಬಂತು. ಅಮಲ್ದಾರರು ಇಳಿದರು, ಕಲ್ಲು ನೋಡಿದರು, ಹುಲ್ಲು ನೋಡಿದರು. "ಯಾರ್ರೀ ಇದರ ನಕ್ಷೆ ಮಾಡಿದ್ದು?"

ನಾನು ಪಟೇಲರ ಬೆನ್ನ ಹಿಂದೆ ಸರಿದೆ. ನಂಜಮ್ಮನೇ ಹೇಳಿದಳು: "ನಮ್ಮ ಮೇಷ್ಟ್ರು ಸ್ವಾಮಿ. ದಾರೀಲಿ ಹೋಗೋರಿಗೆ ಆಸರೆ ಆಗ್ಲಿ ಅಂತ ತಲೆ ಓಡಿಸವ್ರೆ."

"ಬಡವರ ಹೊರೆ ಇಳಿಸೋ ಸ್ಮಾರಕ! ಎಲ್ಲೂ ನೋಡಿರ್ಲಿಲ್ಲ" ಎಂದು ಅಮಲ್ದಾರರು ನನ್ನ ಕೈ ಕುಲುಕಿದರು. ಪಟೇಲರು ಕೂಡಲೇ, "ನಾನೂ ಅದನ್ನೇ ಹೇಳ್ತಾ ಇದ್ದೆ" ಎಂದರು. ಅಮಲ್ದಾರರು ಹಾರವನ್ನು ಕಲ್ಲಿನ ಮೇಲಿಡಲು ಹೋದರು.

"ಹುಲ್ಲಿಗೆ ತಾಗದಂಗೆ ಇಡಿ ಸ್ವಾಮಿ, ಎಮ್ಮೆ ಹೂವೂ ತಿಂತದೆ" ಎಂದಳು ನಂಜಮ್ಮ.

ಹೀಗೆ ಕಲ್ಲು ಉಳಿಯಿತು. ಮಾನವೂ ಉಳಿಯಿತು. ಅದಕ್ಕಾಗಿ ಅವಳಿಗೆ ಎಷ್ಟು ಋಣಿಯೆಂದು ಹೇಳಲು ಮಾತು ಹುಡುಕುತ್ತಲೇ ಇದ್ದೆ. ಮೊನ್ನೆ ರಾಗಿ ಮೂಟೆ ಹೊತ್ತು ಮಿಲ್ಲಿಗೆ ಹೊರಟವನು ದಾರಿಯಲ್ಲಿ ಏದುಸಿರು ಬಂದು ಅದೇ ಕಲ್ಲಿನ ಮೇಲೆ ಮೂಟೆ ಇಳಿಸಿದೆ. ಆಹಾ, ಎಂಥ ಸುಖ! ಆದರೆ ಮತ್ತೆ ತಲೆಗೇರಿಸಿಕೊಳ್ಳುವುದು ಹೇಗೆಂದು ತಿಳಿಯದೆ ನಿಂತಿರುವಾಗ ನಂಜಮ್ಮ ಬಂದಳು.

"ಕಟ್ಸಿದೋರಿಗೇ ಗೊತ್ತಿಲ್ವಾ? ಬಗ್ಗಿ ಮೇಷ್ಟ್ರೇ, ಇನ್ನೂ ಬಗ್ಗಿ. ಕಲ್ಲಿನ ಮಟ್ಟಕ್ಕೆ ತಲೆ ತನ್ನಿ."

ಬಗ್ಗಿದೆ. ಅನಾವರಣದ ದಿನ ಹೊಗಳಿಕೆ ಕೇಳುವ ಭರದಲ್ಲಿ ರಾಷ್ಟ್ರಪಿತರಿಗೆ ಕೈ ಮುಗಿಯುವುದನ್ನೇ ಮರೆತಿದ್ದೆನೆಂದು ಆಗ ನೆನಪಾಯಿತು. ಅವರ ಕಲ್ಲಿನ ಮುಂದೆ ನಾನು ತಲೆ ತಗ್ಗಿಸಿದ್ದು ಅದೇ ಮೊದಲು. ಅದೂ ಹಿಂದಿನಿಂದ ನಂಜಮ್ಮ ಕತ್ತು ಅದುಮಿದ್ದರಿಂದ.